ಮೇಲಿನ ಪೆಟ್ರೋಲು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಕೊರ್ಲಹಳ್ಳಿಯವರು ಸೇತುವೆಯಾದ ಮೇಲೆ ಹೊಳೆ ದಾಟುವ ಮೊದಲೇ ಅಂಬಿಗನನ್ನು ಮರೆತರು. ಅಕ್ಬರಸಾಬ ಅದಕ್ಕೆ ಕೊರಗಿದವನಲ್ಲ. ಹರಿಗೋಲಿನಲ್ಲಿ ಮೀನು ಹಿಡಿದು ಮುಂಡರಗಿಗೆ ಒಯ್ಯುತ್ತಿದ್ದ. ತುಂಗಭದ್ರೆ ಏರಿ ಯಾರಾದರೂ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದರೆ ಮಾತ್ರ ಇಂಜಿನ್ ದೋಣಿ ಇಳಿಸುತ್ತಿದ್ದ. ಆ ಇಂಜಿನ್ನು ಕಾರವಾರದಿಂದ ತಂದ ಹಳೆಯದು. ದಿನಾ ಒರೆಸಿ, ಬೈದು, ಮತ್ತೆ ಒರೆಸುತ್ತಿದ್ದ. ಹೆಂಡತಿ ಜನ್ನತಬಿ ಅದನ್ನು ತನ್ನ ಸವತಿ ಅನ್ನುತ್ತಿದ್ದಳು.

ನೆರೆ ಬಂದಾಗಷ್ಟೇ ಕೆಲಸವಾದ್ದರಿಂದ ಪೆಟ್ರೋಲು ತಿಂಗಳುಗಟ್ಟಲೆ ಕ್ಯಾನಿನಲ್ಲೇ ಇರುತ್ತಿತ್ತು. ಬಿಸಿಲಿಗೆ ಹಾರಿಹೋಗಬಾರದೆಂದು ಕ್ಯಾನನ್ನು ದಂಡೆಯ ಹಸಿ ಉಸುಕಿನಲ್ಲಿ ಕುತ್ತಿಗೆಯವರೆಗೆ ಹೂತಿಡುವುದು ಅವನ ರೂಢಿ. ನೀರು ಸೇರಿದರೂ ಹೆದರಿಕೆಯಿಲ್ಲ. ನೀರು ತಳಕ್ಕೆ ಕೂರುತ್ತದೆ, ಪೆಟ್ರೋಲು ಮೇಲೆ ನಿಲ್ಲುತ್ತದೆ. ಮೇಲಿನದನ್ನು ಬಗ್ಗಿಸಿಕೊಂಡು ತಳದ್ದನ್ನು ಚೆಲ್ಲಿದರಾಯಿತು. ಇಪ್ಪತ್ತು ವರ್ಷ ಹಾಗೇ ನಡೆದಿತ್ತು.

ಹೋದ ಬೇಸಿಗೆಯಲ್ಲಿ ಇಂಜಿನ್ನು ಕೆಮ್ಮತೊಡಗಿದಾಗ ಮುಂಡರಗಿಯ ಗ್ಯಾರೇಜಿನ ವಿಶಾಲ ಅದನ್ನು ಬಿಚ್ಚಿ ನೋಡಿದ.

"ಕಾಕಾ, ಈಗಿನ ಪೆಟ್ರೋಲ ಮೊದಲಿನಂಗ ಅಲ್ರಿ. ಐದು ಪಾಲಿನ್ಯಾಗ ಒಂದು ಪಾಲು ಎಥೆನಾಲ್, ಕಬ್ಬಿನ ಸ್ಪಿರಿಟ್. ಅದು ಗಾಳ್ಯಾಗಿನ ಹಸಿನೂ ಕುಡಿತೈತಿ. ಕುಡದು ಕುಡದು ಒಡದ ಹಾಲಿನಂಗ ಬ್ಯಾರೆ ಆಕ್ಕೈತಿ. ತಳದಾಗ ನೀರ ಕಂಡ್ರ ಮ್ಯಾಲಿಂದ್ರಾಗೂ ನೀರ ಉಳದಿರತೈತಿ, ಅದೂ ಕೆಟ್ಟಂಗ. ಅಷ್ಟೂ ಚೆಲ್ಲಿಬಿಡ್ರಿ."

"ಮ್ಯಾಲಿಂದು ಏನ್ ಪಾಪ ಮಾಡೇತಲೇ?" ಎಂದ ಅಕ್ಬರಸಾಬ. ಇಬ್ಬರೂ ನಕ್ಕರು. ಆ ನಗು ಈಗ ನೆನಪಾದರೆ ಅವನಿಗೆ ಅನ್ನ ಸೇರುವುದಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ, ಮೇಲಿನ ಡ್ಯಾಮಿನಿಂದ ನೀರು ಬಿಟ್ಟ ಖಬರು ಬರುವ ಮೊದಲೇ ನೀರು ಬಂತು. ಕುರಿ ಕಾಯುವ ಮೂಕಪ್ಪ ನಡುಗಡ್ಡೆಯಲ್ಲಿದ್ದ. ಅಕ್ಬರಸಾಬನೂ ಅವನೂ ಒಂದೇ ಶಾಲೆಯನ್ನು ಒಂದೇ ದಿನ ಬಿಟ್ಟ ಗೆಳೆಯರು. ಮೂಕಪ್ಪನ ಹೆಂಡತಿ ಕರಿಯವ್ವ ಎದೆ ಬಡಿದುಕೊಳ್ಳುತ್ತ ಓಡಿಬಂದಳು.

"ಅಕ್ಬರಣ್ಣಾ, ನಮ್ಮಾಂವ ನಡುಗಡ್ಡ್ಯಾಗ ಸಿಕ್ಕಾನ! ಅಂವಗ ಈಜ ಬರಂಗಿಲ್ಲ, ನಿನಗ ಗೊತ್ತೈತಿ!"

"ಅಳಬ್ಯಾಡ ತಂಗಿ. ತರತೀನಿ."

ಕ್ಯಾನು ಕಿತ್ತು ನೋಡಿದರೆ ತಳದಲ್ಲಿ ಮಬ್ಬು ಮಬ್ಬಾಗಿ ನೀರು ನಿಂತಿತ್ತು. ಹೊಸ ಪೆಟ್ರೋಲಿಗೆ ಮುಂಡರಗಿಗೆ ಹೋಗಿ ಬರಲು ಒಂದು ತಾಸು ಬೇಕು. ಹೊಳೆ ಕಣ್ಣೆದುರಿಗೇ ಏರುತ್ತಿತ್ತು. ವಿಶಾಲನ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಆದರೂ ಕೈ ತನ್ನ ಇಪ್ಪತ್ತು ವರ್ಷದ ಕೆಲಸ ಮಾಡಿತು. ಮೇಲಿನದನ್ನು ಟ್ಯಾಂಕಿಗೆ ಬಗ್ಗಿಸಿ ತಳದ್ದನ್ನು ಚೆಲ್ಲಿದ. ಸ್ಟಾರ್ಟರಿನ ದಾರದ ಎರಡನೆಯ ಎಳೆತಕ್ಕೇ ಇಂಜಿನ್ನು ಹತ್ತಿಕೊಂಡಿತು. ನೋಡಿದೆಯಾ ವಿಶಾಲ, ಎಂದುಕೊಂಡ.

ನಟ್ಟನಡುವೆ ಇಂಜಿನ್ನು ಎರಡು ಸಲ ಬಿಕ್ಕಿ ಸುಮ್ಮನಾಯಿತು. ಎಳೆದ. ಮತ್ತೆ ಎಳೆದ. ಅಂಗೈ ಸುಲಿಯಿತು. ಕಾರ್ಬೋರೇಟರಿನ ತಿರುಪು ಬಿಚ್ಚಿದರೆ ಬೆರಳ ಮೇಲೆ ಇಳಿದದ್ದು ಪೆಟ್ರೋಲಲ್ಲ, ನೀರು. ಬಾಯಿ ಹಚ್ಚಿ ಊದಿದ, ಉಗುಳಿದ, ಅಲ್ಲಾನನ್ನು ಕರೆದ, ಇಂಜಿನ್ನಿಗೆ ಒದ್ದ. ಹುಟ್ಟು ಹಾಕಹೋದರೆ ಸೆಳವು ಅದನ್ನೂ ಕಿತ್ತುಕೊಂಡಿತು. ದೋಣಿ ಅಡ್ಡಡ್ಡ ತಿರುಗುತ್ತ ನಡುಗಡ್ಡೆಯ ಮಗ್ಗುಲಿಗೆ ಬಂತು. ಅದನ್ನು ದಾಟಿದರೆ ಮುಂದೆ ಸೇತುವೆಯ ಕಲ್ಲುಕಂಬಗಳೇ. ಅಕ್ಬರಸಾಬನಿಗೆ ಆಗ ಮೂಕಪ್ಪನ ಚಿಂತೆ ಹೋಗಿ ತನ್ನ ಜೀವದ ಚಿಂತೆ ಹತ್ತಿತು.

ನಡುಗಡ್ಡೆಯ ಎತ್ತರದಲ್ಲಿ ಕುರಿಗಳ ನಡುವೆ ನಿಂತಿದ್ದ ಮೂಕಪ್ಪ ಅದನ್ನು ಕಂಡ. ಕುರಿ ಕಟ್ಟುವ ಹಗ್ಗದ ಒಂದು ತುದಿಯನ್ನು ಜಾಲಿ ಮರಕ್ಕೆ ಬಿಗಿದು ಇನ್ನೊಂದನ್ನು ಎಸೆದ. ಮುಟ್ಟಲಿಲ್ಲ. ಮತ್ತೆ ಎಸೆದ, ಮುಟ್ಟಲಿಲ್ಲ. ಆಗ ತುದಿ ಹಿಡಿದು ತಾನೇ ನೀರಿಗಿಳಿದ.

"ಬರಬ್ಯಾಡಲೇ ಮೂಕಪ್ಪಾ!" ಎಂದು ಅಕ್ಬರಸಾಬ ಕೂಗಿದ. ಮೂಕಪ್ಪ ಸೊಂಟದವರೆಗಿನ ನೀರಿಗೆ ಬಂದ, ಎದೆಯವರೆಗಿನ ನೀರಿಗೆ ಬಂದ. ಗಂಟಲಮಟ್ಟದ ನೀರಿನಲ್ಲಿ ನಿಂತು ಹಗ್ಗವನ್ನು ಗೆಳೆಯನ ಕೈಗಿಟ್ಟ. ಅಷ್ಟರಲ್ಲಿ ಮೂಕಪ್ಪನ ಕಾಲ ಕೆಳಗಿನ ಉಸುಕು ಜಾರಿ ಸೆಳವು ಅವನನ್ನು ಎಳೆಯಿತು. ಒಂದು ಕೈ ಬಿಟ್ಟಿದ್ದರೆ ಅಂಗಿಯಾದರೂ ಸಿಗುತ್ತಿತ್ತೇನೋ. ಅಕ್ಬರಸಾಬ ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದ.

ನೀರು ಜಾಲಿಯ ಬುಡಕ್ಕೆ ಬಂದು ಅಲ್ಲೇ ನಿಂತಿತು. ಮೇಲೆ ಏರಲಿಲ್ಲ. ಮರುದಿನ ಮುಂಜಾನೆ ಅಗ್ನಿಶಾಮಕದವರು ಬಂದಾಗ ಎತ್ತರದಲ್ಲಿ ಕುರಿಗಳೆಲ್ಲ ಮೆಲುಕು ಹಾಕುತ್ತಿದ್ದವು. ಅವುಗಳ ನಡುವೆ, ಹಗ್ಗ ಹಿಡಿದು ಮೇಲೆ ಬಂದಿದ್ದ ಅಕ್ಬರಸಾಬ ಕೂತಿದ್ದ. ಮೂಕಪ್ಪ ಕುರಿಗಳ ಜೊತೆ ಸುಮ್ಮನೆ ನಿಂತಿದ್ದರೂ ಬದುಕುತ್ತಿದ್ದ.

ಹೆಣ ಮೂರನೆಯ ದಿನ ಸಿಕ್ಕಿತು. ಮಣ್ಣು ಕೊಟ್ಟ ಮೇಲೆ ಅಕ್ಬರಸಾಬ ಕರಿಯವ್ವನ ಮುಂದೆ ಕೂತು ಎಲ್ಲ ಹೇಳಿದ. ವಿಶಾಲ ಹೇಳಿದ್ದು, ತಾನು ಕೇಳದೆ ಹೋದದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಬೈಯಲಿ ಎಂದು ಕಾದ. ಅವಳು ಒಂದೇ ಮಾತು ಕೇಳಿದಳು.

"ಕಡೀಕ ಏನರ ಅಂದನೇನಣ್ಣಾ?"

"'ಹಿಡಕೋ' ಅಂದ," ಎಂದ ಅಕ್ಬರಸಾಬ. "ನಾ ಹಿಡಕೊಂಡೆ, ತಂಗಿ."