ಸುಳ್ಳಿಗೆ ಎತ್ತಿದ ಬಾವುಟ

ಹನುಮಂತು, ಅವತ್ತು ನೀನು ಹೊಡೆದ ಗೋಲು ಸರಿಯಾಗಿಯೇ ಇತ್ತು. ಚೆಂಡು ಒದೆಯುವ ಮೊದಲೇ ನೀನು ಎದುರಾಳಿಗಳನ್ನು ದಾಟಿ ಮುಂದೆ ಹೋಗಿರಲಿಲ್ಲ, ಆಫ್‌ಸೈಡ್ ಆಗಿರಲಿಲ್ಲ. ಅದನ್ನು ಕಂಡೂ ಗೆರೆಯಲ್ಲಿ ನಿಂತಿದ್ದ ನಾನು ಆಫ್‌ಸೈಡ್ ಎಂದು ಬಾವುಟ ಎತ್ತಿದೆ. ನಾಲ್ಕು ವರ್ಷದಿಂದ ಈ ಮಾತನ್ನು ಯಾರಿಗೂ ಹೇಳದೆ ಬಚ್ಚಿಟ್ಟಿದ್ದೇನೆ.

ಮಧುಗಿರಿಯ ಹೊಸ ಸ್ಟೇಡಿಯಂ ಬಂದಾಗ ಮಧುಗಿರಿಯ ನಾವು, ಸಿರಾದವರು, ಪಾವಗಡದ ನೀವು, ಮೂರೂ ಫುಟ್‌ಬಾಲ್ ತಂಡದವರು ಎಷ್ಟು ಹಿಗ್ಗಿದ್ದೆವು — ಹಸಿರು ಹುಲ್ಲು, ಸುತ್ತ ಓಟದ ಟ್ರ್ಯಾಕ್, ಪಕ್ಕದಲ್ಲೇ ಕಬಡ್ಡಿ ಅಂಕಣ, ಸಂಜೆಗೆ ದೀಪ. ವಾರದ ದಿನಗಳನ್ನು ಹೇಗೋ ಹಂಚಿಕೊಂಡೆವು. ಭಾನುವಾರದ ಮೇಲೆ ಮಾತ್ರ ಎಲ್ಲರ ಕಣ್ಣು. ವರ್ಷಕ್ಕೊಮ್ಮೆ ನಮ್ಮ ನಮ್ಮಲ್ಲೇ ಪಂದ್ಯ ಆಡಿ, ಗೆದ್ದವರು ಭಾನುವಾರ ಇಟ್ಟುಕೊಳ್ಳುವುದೆಂದು ನಾವೇ ಕಟ್ಟಳೆ ಮಾಡಿಕೊಂಡೆವು. ಇಬ್ಬರು ಆಡುವಾಗ ಗೆರೆಯಲ್ಲಿ ಬಾವುಟ ಹಿಡಿಯುವವನು ಮೂರನೆಯ ತಂಡದವನು. ಅವನಿಗೆ ಯಾರ ಹಂಗೂ ಇರುವುದಿಲ್ಲವಲ್ಲ.

ನನಗಿತ್ತು. ನಮ್ಮ ಮಧುಗಿರಿ ತಂಡ ಆಗಲೇ ಸೋತಿತ್ತು. ಸಿರಾದವರು ಗೆದ್ದರೆ ತಿಂಗಳಿಗೆರಡು ಭಾನುವಾರ ನಮಗೆ ಬಿಟ್ಟುಕೊಡುವುದಾಗಿ ಅವರ ನಾಯಕನೊಂದಿಗೆ ಟೀ ಕುಡಿಯುತ್ತಾ ಮಾತಾಗಿತ್ತು. ಬಾವುಟ ಎತ್ತೆಂದು ಅವನು ಕೇಳಿರಲಿಲ್ಲ — ಆ ಕೆಟ್ಟ ಬುದ್ಧಿ ಪೂರ್ತಿ ನನ್ನದೇ.

ನಿಮಗೆ ಬೇರೆ ದಿನವೇ ಇರಲಿಲ್ಲ. ರಾಯಚರ್ಲಿನ ಸೋಲಾರ್ ಪಾರ್ಕಿನಲ್ಲಿ ವಾರಕ್ಕೆ ಆರು ದಿನ ಸೋಲಾರ್ ಪ್ಯಾನೆಲ್ ತೊಳೆದು, ಭಾನುವಾರ ಒಂದೇ ಟೆಂಪೊದಲ್ಲಿ ತುಂಬಿಕೊಂಡು ಬರುತ್ತಿದ್ದಿರಿ. ಭಾನುವಾರ ಹೋದರೆ ನಿಮ್ಮ ತಂಡವೇ ಹೋಗುತ್ತದೆ — ಗೊತ್ತಿತ್ತು, ಗೊತ್ತಿದ್ದೂ...

ನಿಮಗೂ ಸಿರಾದವರಿಗೂ ನಡೆದ ಆ ಪಂದ್ಯ ಒಂದೊಂದು ಗೋಲಿನಿಂದ ಸಮವಾಗಿತ್ತು. ನೀನು ಎರಡನೆಯದು ಹೊಡೆದೆ, ನಾನು ಬಾವುಟ ಎತ್ತಿದೆ, ರೆಫರಿ ಗೋಲು ಇಲ್ಲವೆಂದರು. ನಿನ್ನ ಹುಡುಗರು ನನ್ನನ್ನು ಸುತ್ತಿಕೊಂಡರು. ಅವರನ್ನು ಸರಿಸಿ ನೀನು ಬಂದೆ.

"ಅಣ್ಣಾ, ನೀನೇ ಹೇಳು. ಮುಂದ್ಕೋಗಿದ್ನಾ ನಾನು?"

"ಹೋಗಿದ್ದೆ ಕಣ್ಲಾ. ಕಣ್ಣಾರೆ ಕಂಡಿವ್ನಿ."

ನೀನು ಅವರ ಕಡೆ ತಿರುಗಿದೆ. "ಬುಡ್ರಲಾ. ಅಣ್ಣನೇ ಕಂಡವ್ನೆ ಅಂದ್ಮೇಲೆ ಮುಗೀತು."

ನೀನು ನನ್ನ ಕಾಲರ್ ಹಿಡಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ಸಿರಾದವರು ಗೆದ್ದರು. ಎರಡೇ ತಿಂಗಳಲ್ಲಿ ನಿಮ್ಮ ತಂಡ ಚೆದುರಿಹೋಯಿತು. ಸಿರಾದವರು ಬಿಟ್ಟುಕೊಟ್ಟ ಭಾನುವಾರಗಳಲ್ಲಿ ನಾನು ಆಡಿದೆ — ನಗುನಗುತ್ತಾ ಆಡಿದೆ, ನಾಚಿಕೆಗೆಟ್ಟವನು.

ಮೊನ್ನೆ ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕು, ಮತ್ತೆ ತಂಡ ಕಟ್ಟಿದ್ದೇನೆ ಎಂದೆ. ನಿನ್ನ ಮುಖದಲ್ಲಿ ಎಂಥ ಖುಷಿ! ಈ ಸಲವೂ ಬಾವುಟ ನಾನೇ ಹಿಡಿಯಬೇಕಂತೆ, ಬೇರೆಯವರ ಮೇಲೆ ನಿನಗೆ ನಂಬಿಕೆ ಇಲ್ಲವಂತೆ. ನಾನು ಆಗಲಿ ಎಂದು ತಲೆಯಾಡಿಸಿ ಬಸ್ಸು ಹತ್ತಿದೆ. ಅಲ್ಲೇ ಹೇಳಬೇಕಿತ್ತು... ಹೇಳಲಿಲ್ಲ.

ಈ ವರ್ಷದ ಪಂದ್ಯ ಗೊತ್ತುಮಾಡಲು ಸೇರುವ ಸಭೆಯಲ್ಲಿ ಮೂರೂ ತಂಡದವರ ಮುಂದೆ ನಿಂತು ಇದನ್ನೆಲ್ಲ ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ಗೊತ್ತಾಗಲೆಂದು ಇದನ್ನು ಬರೆದೆ. ಬಾವುಟವನ್ನು ಬೇರೆ ಯಾರ ಕೈಗಾದರೂ ಕೊಡು, ಹನುಮಂತು.