ಹೊಟ್ಟೆ ತುಂಬದ ಕೌದಿ

ಹೋದ ವಾರ ಟ್ರಂಕಿನ ಮುಚ್ಚಳ ತೆಗೆದಾಗ ಮೊದಲು ಮುಖಕ್ಕೆ ಬಂದದ್ದು ಲವಂಗದ ವಾಸನೆ. ಅದರ ಹಿಂದೆಯೇ ಒಣ ಬೇವಿನ ಎಲೆಯದು, ಅದಕ್ಕೂ ಕೆಳಗೆ ಹಳೆಯ ಅರಿವೆಯದು. ಹುಳ ಬೀಳಬಾರದೆಂದು ವರ್ಷಕ್ಕೊಮ್ಮೆ ಲವಂಗ ಬದಲಿಸುತ್ತೇನೆ. ಈ ಸಲ ಕೌದಿಯನ್ನು ಹೊರಗೆ ತೆಗೆದದ್ದು ಅದಕ್ಕಲ್ಲ. ಕರಾಚಿಯಿಂದ ಒಂದು ಫೋನು ಬಂದಿತ್ತು. ಅದರಲ್ಲಿ ಆದ ಮಾತನ್ನು ಕೊನೆಗೆ ಹೇಳುತ್ತೇನೆ. ಈ ಕೌದಿಯನ್ನು ಹೊಲಿದವಳ ಬಗ್ಗೆ ಹೇಳದೆ ಆ ಮಾತಿಗೆ ಅರ್ಥವಿಲ್ಲ.

ಕುಕನೂರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವರು ಮುಸಲ್ಮಾನರು, ನಾವು ಒಕ್ಕಲುತನದವರು. ನನ್ನ ಅವ್ವ ಅವಳನ್ನು ತಂಗಿ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೆ ಅವಳು ಚಿಗವ್ವ. ಗಂಡ ಬೇಗ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಊರವರು ಕೊಟ್ಟ ಹಳೆಯ ಸೀರೆ, ಧೋತರ, ಕೂಸಿನ ಅಂಗಿಗಳಿಂದ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಸಂಜೆ ಸಾಲಿ ಬಿಟ್ಟ ಮೇಲೆ ನಾನು ಅವಳ ಪಕ್ಕ ಕೂತು ಸೂಜಿ ಹಿಡಿಯುತ್ತಿದ್ದೆ. ಎರಡು ಸಾಲು ಹೊಲಿದು ತೋರಿಸಿದರೆ ಕನ್ನಡಕದ ಮೇಲಿಂದ ನೋಡುತ್ತಿದ್ದಳು.

"ಇದೇನವ್ವಾ, ತಿಪ್ಪಿ ಮ್ಯಾಲ ಕೋಳಿ ಕೆದರಿದಂಗ ಐತಿ. ಬಿಚ್ಚು, ಬಿಚ್ಚು."

ನಮ್ಮ ಕಡೆ ಕೌದಿಗೆ ನಡುವೆ ಒಂದು ಚೌಕ ಇರುತ್ತದೆ. ಅದನ್ನು ಕೌದಿಯ ಹೊಟ್ಟೆ ಎನ್ನುತ್ತಾರೆ. ಎಲ್ಲಾ ಹೊಲಿದಾದ ಮೇಲೆ ಆ ಚೌಕದ ಮೂರು ಬದಿ ಹೊಲಿದು, ನಾಲ್ಕನೆಯ ಬದಿಯಿಂದ ಒಂದು ಚಿಟಿಕೆ ಸಿಹಿ ಅಡುಗೆ ಒಳಗಿಟ್ಟು ಬಾಯಿ ಮುಚ್ಚುತ್ತಾರೆ. ಅವತ್ತು ಹೊಲಿದವರಿಗೂ ಸಿಹಿ ಊಟ. ಹಸಿದ ಕೌದಿಯನ್ನು ಯಾರೂ ಹೊದೆಯಬಾರದು. ನೂರಾರು ಕೌದಿಗಳ ಹೊಟ್ಟೆ ತುಂಬಿಸಿದ ಚಿಗವ್ವನ ಮನೆಯಲ್ಲಿ ಒಂದು ಕೌದಿ ಮಾತ್ರ ಹಸಿದೇ ಇತ್ತು. ಅದನ್ನು ಅವಳೂ ಅವಳ ತಂಗಿಯೂ ಕೂಡಿ ಹೊಲಿದಿದ್ದರು, ತಮ್ಮ ತಾಯಿಯ ಸೀರೆಗಳಿಂದ. ನಡುವಿನ ಚೌಕ ತಾಯಿಯ ಮದುವೆಯ ಸೀರೆಯ ಹಸಿರು ತುಂಡು. ಮೂರು ಬದಿ ಆಗಿತ್ತು. ಅಷ್ಟರಲ್ಲಿ ತಂಗಿಯ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ನಮ್ಮ ಸೀಮೆಯವರೇ, ಆದರೆ ಕರಾಚಿಗೆ ಹೋಗಿ ನೆಲೆ ನಿಂತಿದ್ದರು. ಆಗಿನ್ನೂ ಹೋಗಿಬರುವುದು ಇಷ್ಟು ಕಷ್ಟವಾಗಿರಲಿಲ್ಲವಂತೆ. ಚೊಚ್ಚಲ ಬಾಣಂತನಕ್ಕೆ ಬಂದಾಗ ಇಬ್ಬರೂ ಕೂತು ಬಾಯಿ ಮುಚ್ಚೋಣ ಎಂದು ಕೌದಿಯನ್ನು ಮಡಚಿಟ್ಟರು.

ಆಮೇಲೆ ಯುದ್ಧವಾಯಿತು. ಮತ್ತೊಂದೂ ಆಯಿತು...

ತಂಗಿ ಕುಕನೂರಿನ ಕನ್ನಡ ಸಾಲಿಯಲ್ಲಿ ಐದನೆಯ ಇಯತ್ತೆವರೆಗೆ ಓದಿದ್ದಳು. ಆದ್ದರಿಂದ ಕರಾಚಿಯಿಂದ ನಮ್ಮ ಓಣಿಗೆ ಕಾಗದಗಳು ಕನ್ನಡದಲ್ಲಿ ಬರುತ್ತಿದ್ದವು. ವರ್ಷಕ್ಕೊಂದೋ ಎರಡೋ. ಗಡಿಯಲ್ಲಿ ಬಿಗುವಾದರೆ ಅದೂ ಇಲ್ಲ. ಚಿಗವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಓದಿ ಹೇಳುವವಳೂ ಉತ್ತರ ಬರೆಯುವವಳೂ ನಾನೇ. ಕೊನೆಯಲ್ಲಿ ನಮ್ಮ ವಿಳಾಸವನ್ನು ಹಳೆಯ ಕಾಗದ ನೋಡಿ ಬರೆಯುತ್ತಿದ್ದೆ: ಮುಕ್ಕಾಂ ಪೋಸ್ಟ್ ಕುಕನೂರು, ತಾಲೂಕಾ ಯಲಬುರ್ಗಾ, ಜಿಲ್ಲಾ ರಾಯಚೂರು.

ಮುಂದೆ ನಾನು ಊರಲ್ಲೇ ಮದುವೆಯಾಗಿ ಅಂಗನವಾಡಿ ಕೆಲಸಕ್ಕೆ ಸೇರಿದೆ. ಕೆಲ ವರ್ಷಗಳಿಗೆ ರಾಯಚೂರು ಒಡೆದು ಕೊಪ್ಪಳವೇ ಬೇರೆ ಜಿಲ್ಲೆಯಾಯಿತು, ನಮ್ಮೂರು ಅದಕ್ಕೆ ಸೇರಿತು. ರಿಜಿಸ್ಟರಿನ ಹಾಳೆ ಹಾಳೆಗೂ ಕೊಪ್ಪಳ ಜಿಲ್ಲೆ ಎಂದು ಬರೆಯುವುದು ನನಗೆ ರೂಢಿಯಾಯಿತು. ಕರಾಚಿಯ ಕಾಗದದಲ್ಲೂ ಒಮ್ಮೆ ಹಾಗೆ ಬರೆಯಹೋದೆ. ನಾನು ಬರೆಯುವುದನ್ನು ನಡುವೆ ನಿಲ್ಲಿಸಿದ್ದು ಕಂಡು ಚಿಗವ್ವ, ಏನು ಬದಲು ಮಾಡುತ್ತಿದ್ದೀ ಎಂದು ಕೇಳಿದಳು. ಹೇಳಿದೆ.

"ಬ್ಯಾಡವ್ವಾ, ಇದ್ದದ್ದು ಇದ್ದಂಗ ಬರಿ. ಅಷ್ಟು ದೂರದಿಂದ ಬರೂ ಕಾಗದ, ಹಳೀ ದಾರಿ ಹಿಡದು ಬರ್ತೈತಿ. ಹೊಸಾದು ಬರದ್ರ ದಾರಿ ತಪ್ಪೀತು."

ಕಾಗದಗಳು ಹಳೆಯ ವಿಳಾಸಕ್ಕೂ ಬರುತ್ತಲೇ ಇದ್ದವು. ನಾನೂ ಸುಮ್ಮನಾದೆ.

ನನಗೆ ನಲವತ್ತರ ಆಸುಪಾಸು. ಆಗ ಒಂದು ದಿನ ಟಿವಿಯಲ್ಲಿ ಎರಡೂ ದೇಶಗಳ ದೊಡ್ಡವರು ಕೈ ಕುಲುಕಿದ್ದನ್ನು ತೋರಿಸಿದರು. ನಿಂತಿದ್ದ ಬಸ್ಸು, ರೈಲು ಮತ್ತೆ ಓಡಾಡತೊಡಗಿವೆ, ವೀಸಾ ಸಡಿಲವಾಗಿದೆ ಎಂದರು. ನಮ್ಮ ಮನೆಯ ಟಿವಿಯ ಮುಂದೆ ಚಿಗವ್ವ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. "ಕೈ ಹಿಡದಾರಲ್ಲ, ಬಿಡಂಗಿಲ್ಲಲ್ಲಾ?" ಎಂದು ಕೇಳಿದಳು. ನನ್ನ ಗಂಡ ನಗುತ್ತಾ, "ಬಿಡೂದ್ರಾಗ ನಿಮ್ಮ ತಂಗೀನ ಕರಸ್ರಿ ಚಿಗವ್ವಾ" ಎಂದರು.

ಎರಡು ತಿಂಗಳಿಗೆ ಕಾಗದ ಬಂತು. ತಂಗಿ ಬರೆದಿದ್ದಳು: ವೀಸಾಕ್ಕೆ ಅರ್ಜಿ ಹಾಕುತ್ತಿದ್ದೇನೆ, ಫಾರ್ಮನ್ನು ಮಗ ತುಂಬುತ್ತಾನೆ, ಯಾವ ಊರು ಯಾವ ಜಿಲ್ಲೆ ಎಂಬುದನ್ನು ಸ್ಪಷ್ಟವಾಗಿ ಬರೆದು ಕಳಿಸಿ.

ನಾನು ಸ್ಪಷ್ಟವಾಗಿ ಬರೆದೆ. ಹೊಸ ಪೆನ್ನು ತಂದು, ಸ್ಕೇಲಿಟ್ಟು ಗೆರೆ ಎಳೆದು, ಅಕ್ಷರ ದುಂಡಗೆ. ಕೈ ತನ್ನ ರೂಢಿಯಂತೆ ಬರೆಯಿತು... ಜಿಲ್ಲಾ ರಾಯಚೂರು. ಚಿಗವ್ವ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಮುತ್ತು ಪೋಣಿಸಿದಂಗ ಬರದಿ ನನ್ನವ್ವಾ" ಎಂದು ನನ್ನ ಗಲ್ಲ ಹಿಂಡಿದಳು.

ವೀಸಾ ಆಯಿತೆಂಬ ಸುದ್ದಿ ಬಂದ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಅರವತ್ತೈದು ದಾಟಿದ ಹೆಂಗಸು ಸೀರೆ ಕಚ್ಚೆ ಹಾಕಿ ತಾನೇ ಗೋಡೆಗೆ ಸುಣ್ಣ ಬಳಿಯಲು ನಿಂತಳು. ಆಳು ಕರೆಸೋಣ ಎಂದರೆ ಕೇಳಲಿಲ್ಲ. "ಅಕಿ ಬಂದು ಗ್ವಾಡಿ ನೋಡ್ತಾಳವ್ವಾ. ನಮ್ಮವ್ವ ಬಳಿಯೂವಂಗ ಬಳದೀನೋ ಇಲ್ಲೋ ಅಂತ ನೋಡ್ತಾಳ." ಮೂರನೆಯ ದಿನ ನಿಚ್ಚಣಿಕೆ ಜಾರಿತು. ಸೊಂಟದ ಹತ್ತಿರ ಎಲುಬು ಮುರಿಯಿತು. ಡಾಕ್ಟರು ಕಾಲಿಗೆ ಭಾರ ಕಟ್ಟಿ, ಆರು ವಾರ ಮಂಚ ಬಿಟ್ಟು ಅಲುಗಾಡಿಸಬಾರದು ಎಂದರು. ಚಿಗವ್ವ ಅದಕ್ಕೂ ನಕ್ಕಳು. "ಹ್ವಾದ್ರ ಹೋತು ಬಿಡು. ನಾ ಎಲ್ಲಿ ಹೋಗೂದೈತಿ? ಬರಾಕಿ ಅಕಿ."

ತಂಗಿ ಬಂದದ್ದು ರಾಯಚೂರಿಗೆ. ಅವಳ ಗಂಡನ ಕಡೆಯ ಸಂಬಂಧಿಕರ ಮನೆ ಅಲ್ಲಿತ್ತು. ಆ ದೇಶದಿಂದ ಬಂದವರು ಪೊಲೀಸ್ ಕಚೇರಿಯಲ್ಲಿ ಹೆಸರು ಬರೆಸಬೇಕು. ಬರೆಸಲು ಹೋದಾಗ ಅಲ್ಲಿಯವರು ಕಾಗದ ನೋಡಿ ಹೇಳಿದರಂತೆ: ವೀಸಾದಲ್ಲಿ ಇರುವುದು ರಾಯಚೂರು ಒಂದೇ, ಕುಕನೂರು ಈಗ ಕೊಪ್ಪಳ ಜಿಲ್ಲೆ, ಅಲ್ಲಿಗೆ ಹೋಗುವಂತಿಲ್ಲ. ಒಳ್ಳೆಯ ಜನ, ತಾವೇ ಅರ್ಜಿ ಬರೆದು ಮೇಲಕ್ಕೆ ಕಳಿಸಿದರು. ಅವಳಿಗಿದ್ದದ್ದು ಹದಿನೈದು ದಿನ. ದಿನಗಳು ಹೋಗುತ್ತಿದ್ದವು, ಮೇಲಿನಿಂದ ಉತ್ತರವಿಲ್ಲ.

ಅಕ್ಕನನ್ನು ಅಲುಗಾಡಿಸುವಂತಿಲ್ಲ, ತಂಗಿ ಜಿಲ್ಲೆ ದಾಟುವಂತಿಲ್ಲ. ಒಂದು ದಿನ ಫೋನು ಹಚ್ಚಿಕೊಟ್ಟೆ. ಇಬ್ಬರೂ ಅತ್ತದ್ದೇ ಆಯಿತು. ಚಿಗವ್ವ ಫೋನನ್ನು ನನ್ನ ಕೈಗೆ ತುರುಕಿದಳು. "ಇದರಾಗ ಏನ ಮಾತಾಡೂದು? ಮಾರಿ ಕಾಣಬೇಕು."

ಒಂಬತ್ತನೆಯ ದಿನ ಅವಳೇ ದಾರಿ ಹುಡುಕಿದಳು. ನಾನು ಗೋದಿಯ ರೊಟ್ಟಿ ಮಾಡಿ ತಾಟಿನಲ್ಲಿ ಮಂಚದ ಮೇಲಿಟ್ಟೆ. ಮಲಗಿದಲ್ಲೇ ಅದನ್ನು ಪುಡಿ ಮಾಡಿ, ಬೆಲ್ಲ, ಯಾಲಕ್ಕಿ ಬೆರೆಸಿ ಮಾದಲಿ ಕಲಸಿದಳು. ಡಬ್ಬಿಯಲ್ಲಿ ತುಂಬಿ, ಕೌದಿಯ ಜೊತೆ ನನಗೆ ಕೊಟ್ಟಳು. "ಅಕಿ ಕೈಲೆ ಮಾದಲಿ ಇಡಸು. ಅರ್ಧ ಬಾಯಿ ಅಕಿ ಹೊಲೀಲಿ, ಉಳಿದರ್ಧ ಇಲ್ಲಿ ನಾ ಹೊಲೀತೀನಿ. ಕೂಡಿ ಹೊಲದಂಗ ಆತಲ್ಲಾ?"

ಕೊಪ್ಪಳ, ಗಂಗಾವತಿ, ಸಿಂಧನೂರು... ದಾರಿಯುದ್ದಕ್ಕೂ ಕೌದಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ರಾಯಚೂರಿನಲ್ಲಿ ಬಾಗಿಲು ತೆಗೆದವಳದು ಚಿಗವ್ವನದೇ ಮುಖ, ಸ್ವಲ್ಪ ಬಿಳುಪು. ನಾನು ಹೊಸ್ತಿಲಲ್ಲಿ ಸೀರೆ ಝಾಡಿಸಿಕೊಳ್ಳಲು ಹೋದೆ.

"ಝಾಡಸಬ್ಯಾಡ, ಇರಲಿ. ನಮ್ಮೂರ ಧೂಳ ಅದು," ಎಂದಳು.

ನಲವತ್ತು ವರ್ಷ ಮಾತಾಡುವವರಿಲ್ಲದೆ ಇದ್ದರೂ ಅವಳ ಕನ್ನಡ ನಮ್ಮ ಓಣಿಯದೇ. ಮಾದಲಿಯ ಡಬ್ಬಿ ಕೊಟ್ಟೆ. ಕೌದಿಗೆಂದು ಹೇಳುವಷ್ಟರಲ್ಲಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡಿದ್ದಳು. ಆಮೇಲೆ ಇನ್ನೊಂದು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ತಿನ್ನುವುದು ನಿಲ್ಲಲಿಲ್ಲ. "ಅಕ್ಕನ ಕೈದು. ಕೌದಿ ತಡೀತೈತಿ, ನಾ ತಡೆಯಂಗಿಲ್ಲ." ಡಬ್ಬಿ ಖಾಲಿ ಮಾಡಿ, ಸೂಜಿ ಕೇಳಿ ಇಸಿದುಕೊಂಡು ತನ್ನ ಪಾಲಿನ ಅರ್ಧ ಬಾಯಿ ಹೊಲಿದಳು.

ಎದ್ದು ಹೊರಡುವಾಗ ನಾನು ಕೇಳಬಾರದಿತ್ತು, ಕೇಳಿದೆ. ಜಿಲ್ಲೆ ಹೇಗೆ ತಪ್ಪಿತು ಎಂದು. ಅವಳು ಚೀಲದಿಂದ ಒಂದು ಹಾಳೆ ತೆಗೆದಳು. "ಇದನ್ನ ಓದಿ ಹೇಳಿದ್ನೆವ್ವಾ, ಮಗ ಬರದ..."

ಸ್ಕೇಲಿಟ್ಟ ಗೆರೆ. ದುಂಡನೆಯ ಅಕ್ಷರ.

ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದೆ: ಜಿಲ್ಲಾ ರಾಯಚೂರು. ಅವಳು ನನ್ನ ಮುಖ ನೋಡಿದಳು, ಹಾಳೆ ನೋಡಿದಳು. ಅವಳಿಗೂ ಆಗಲೇ ತಿಳಿಯಿತೆಂದು ಕಾಣುತ್ತದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಟ್ಟಳು.

"ಅಕ್ಕಗ ಹೇಳಬ್ಯಾಡ. ಅಕಿಗೆ ನೀ ಒಬ್ಬಾಕಿ ಅದಿ. ಹುಡುಗ ತಪ್ಪು ಬರದಾನಂತ ಹೇಳು. ಅಂವ ದೂರ ಅದಾನ, ಬೈಸಿಕೊಂಡ್ರೂ ಕೇಳಂಗಿಲ್ಲ."

ನಾನು ಹಾಗೇ ಹೇಳಿದೆ.

ಚಿಗವ್ವ ಕೌದಿಯ ಚೌಕದ ಮೇಲೆ ಬೆರಳಾಡಿಸಿ ತಂಗಿಯ ಹೊಲಿಗೆ ಹುಡುಕಿದಳು. "ನೋಡು, ಈಗೂ ಸೊಟ್ಟಾಗೇ ಹೊಲೀತಾಳ." ಮಾದಲಿಯ ಕಥೆ ಹೇಳಿದಾಗ, ಬಿದ್ದ ಮೇಲೆ ಮೊದಲ ಸಲ ಜೋರಾಗಿ ನಕ್ಕಳು. "ಹೊಟ್ಟಿಬಾಕಿ! ಹಂಗ ಅದಾಳ!" ನಗು ಮುಗಿದ ಮೇಲೆ ಬಹಳ ಹೊತ್ತು ಚೌಕವನ್ನು ಸವರುತ್ತಿದ್ದಳು. ಸೂಜಿ ಪೋಣಿಸಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ. "ತಗದಿಡು. ಅಕಿ ಮುಂದ ಕುಂತಾಗ ಹೊಲೀತೀನಿ. ಮುಂದಿನ ಸಲ ಹುಡುಗ ಸರಿಯಾಗಿ ಬರೀಲಿ."

ಹದಿನೈದನೆಯ ದಿನ ತಂಗಿ ರಾಯಚೂರಿನಿಂದಲೇ ತಿರುಗಿ ಹೋದಳು.

ಆ ಮೇಲೆ ಚಿಗವ್ವ ಏಳಲಿಲ್ಲ. ಎಂಟು ತಿಂಗಳು ಬದುಕಿದ್ದಳು. ಮೈ ಒರೆಸುವಾಗ, ಗಂಜಿ ಕುಡಿಸುವಾಗ ಅದೇ ಮಾತು. "ನೀ ಎಷ್ಟು ಛಲೋ ಬರದು ಕೊಟ್ಟಿದ್ದಿ! ಆ ಹುಡುಗಗ ನೋಡಿ ಬರಿಯಾಕೂ ಬರಲಿಲ್ಲೇನು? ನಿನ್ನ ಕೈಯಾಗ ಆ ಫಾರಮ್ ಕೊಟ್ಟಿದ್ರ ಅಕಿ ಈ ಮಂಚದ ಮ್ಯಾಲ ಕುಂದ್ರತಿದ್ದಳು." ನಾನು ಹೂಂ ಅನ್ನುತ್ತಿದ್ದೆ. ಒಂದೆರಡು ಸಲ ಹೇಳಿಬಿಡೋಣ ಎಂದು ಬಾಯಿ ತೆರೆದದ್ದೂ ಉಂಟು. ಅವಳು ಗಂಜಿಗೆ ಬಾಯಿ ತೆರೆದು ಕಾಯುತ್ತಿರುತ್ತಿದ್ದಳು... ಹೇಳಲಾಗಲಿಲ್ಲ. ಹಳೆಯದನ್ನೇ ಬರಿ ಎಂದವಳು ಅವಳೇ ಎಂದು ಮನಸ್ಸು ಎಷ್ಟೋ ಸಲ ವಾದ ಮಾಡಿದೆ. ಆದರೆ ಅವಳು ಹೇಳಿದ್ದು ಕಾಗದಕ್ಕೆ. ಅದು ಸರಕಾರದ ಫಾರ್ಮಿಗೆ ಹೋಗುತ್ತದೆಂದು ತಿಳಿದಿದ್ದವಳು, ನಾಲ್ಕಕ್ಷರ ಕಲಿತವಳು ನಾನು.

ಜೋಳದ ರಾಶಿಯ ದಿನಗಳಲ್ಲಿ ಅವಳು ತೀರಿಕೊಂಡಳು. ಕೌದಿ ನನಗೆ ಉಳಿಯಿತು. ದೇಶಗಳು ಹಿಡಿದ ಕೈಯನ್ನು ಮತ್ತೆ ಬಿಟ್ಟವು. ತಂಗಿ ಇನ್ನೊಮ್ಮೆ ಬರಲಿಲ್ಲ.

ಈಗ ಫೋನಿನ ಮಾತು. ಮಾಡಿದವನು ಆ ಮಗ. ಅವನಿಗೂ ತಲೆ ನರೆತಿರಬೇಕು, ದನಿ ಹಾಗಿತ್ತು. ತಾಯಿ ಹೋಗಿ ನಲವತ್ತು ದಿನವಾಯಿತು, ಅವರ ಪೆಟ್ಟಿಗೆಯಲ್ಲಿ ಕನ್ನಡದ ಕಾಗದಗಳ ಕಟ್ಟು ಸಿಕ್ಕಿದೆ, ಒಂದರಲ್ಲಿ ನಿಮ್ಮ ನಂಬರಿತ್ತು, ಎಂದು ಹಿಂದಿಯಲ್ಲಿ ಹೇಳಿದ. ಆಮೇಲೆ ತಡೆದು ತಡೆದು ಇನ್ನೊಂದು ಮಾತು ಹೇಳಿದ. ಫಾರ್ಮ್ ತುಂಬಿದವನು ನಾನು, ಎಲ್ಲೋ ತಪ್ಪು ಕೇಳಿಸಿಕೊಂಡೆ, ದೊಡ್ಡಮ್ಮನನ್ನು ಅಮ್ಮ ನೋಡದೇ ಬಂದದ್ದು ನನ್ನಿಂದ, ಇಷ್ಟು ವರ್ಷವಾದರೂ ಮರೆಯಲಾಗಿಲ್ಲ, ಎಂದ. ಅವನು ಬಯ್ಗುಳ ಕೇಳಲಾರದಷ್ಟು ದೂರ ಇದ್ದಾನೆಂದು ನಾನೂ ಅವನ ತಾಯಿಯೂ ತಿಳಿದಿದ್ದೆವು.

ನನಗೆ ಬರುವಷ್ಟು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ನೀನು ಸರಿಯಾಗಿಯೇ ಕೇಳಿದ್ದೆ, ತಪ್ಪು ಬರೆದ ಕೈ ನನ್ನದು, ಎಂದೆ. ಅಮ್ಮನಿಗೆ ಗೊತ್ತಿತ್ತೇ ಎಂದು ಕೇಳಿದ. ಗೊತ್ತಿತ್ತು ಎಂದೆ. ಅತ್ತನೋ, ಸಿಟ್ಟಾದನೋ ತಿಳಿಯಲಿಲ್ಲ. ಕೊನೆಗೆ ಒಂದೇ ಕೇಳಿದ. ಕಡೆಯ ದಿನಗಳಲ್ಲಿ ಅಮ್ಮ ಆ ಕೌದಿ ಕೊಡಿ, ಚಳಿ ಎನ್ನುತ್ತಿದ್ದರು, ಯಾವುದೆಂದು ನಮಗೆ ತಿಳಿಯಲಿಲ್ಲ, ಅದು ನಿಮ್ಮಲ್ಲಿ ಇದೆಯೇ?

ಮರುದಿನ ಮಾದಲಿ ಮಾಡಿದೆ. ಸೂಜಿ ಪೋಣಿಸಿ ಕೌದಿ ಬಿಡಿಸಿ ಕೂತೆ. ಹೊಟ್ಟೆ ತುಂಬಿಸಿ ಅವನಿಗೆ ಕಳಿಸಬೇಕೆಂದು. ಒಂದು ಕಡೆ ತಂಗಿಯ ಸೊಟ್ಟ ಹೊಲಿಗೆ, ಅದರ ಮುಂದೆ ಚಿಗವ್ವನ ಪಾಲಿನ ಅರ್ಧ ಖಾಲಿ. ಆ ಜಾಗದಲ್ಲಿ ಸೂಜಿ ಇಳಿಸಲು ನನ್ನ ಕೈ ಏಳಲಿಲ್ಲ. ಹಾಗೇ ಕಳಿಸೋಣ, ಅವರ ಮನೆಯವರೇ ಹೊಲಿದುಕೊಳ್ಳಲಿ ಎಂದು ಕಟ್ಟಿಕೊಂಡು ಪೋಸ್ಟ್ ಆಫೀಸಿಗೆ ಹೋದೆ. ಕೌಂಟರಿನ ಹುಡುಗಿ ವಿಳಾಸ ನೋಡಿ ಮೆಲ್ಲಗೆ ಹೇಳಿದಳು: "ಟೀಚರ್, ಆ ದೇಶಕ್ಕ ಈಗ ಟಪಾಲ ಬಂದ್ ಐತ್ರಿ. ಯಾವಾಗ ಚಾಲೂ ಆಗ್ತೈತೋ ಗೊತ್ತಿಲ್ರಿ."

ಮನೆಗೆ ತಂದು ಬಿಸಿಲಿಗೆ ಹಾಕಿದೆ. ಸಂಜೆ ಮಡಚಿ, ಹೊಸ ಲವಂಗ ಹಾಕಿ ಟ್ರಂಕಿನಲ್ಲಿ ಇಟ್ಟೆ. ಮೇಲೆ ಒಂದು ಚೀಟಿ ಇಟ್ಟಿದ್ದೇನೆ, ನನ್ನ ನಂತರ ತೆರೆದವರಿಗೆ ತಿಳಿಯಲೆಂದು. ಇದು ಕರಾಚಿಗೆ ಹೋಗಬೇಕಾದ ಕೌದಿ ಎಂದು ಬರೆದು, ಕೆಳಗೆ ನಮ್ಮ ವಿಳಾಸ ಬರೆದೆ. ಜಿಲ್ಲಾ ಕೊಪ್ಪಳ. ಬರೆದು ಎರಡು ಸಲ ಓದಿದೆ.