ನಾಲ್ಕನೇ ಮಂಚದ ಅಜ್ಜಿ

ಗೆಳೆಯರೇ, ಬೆಳಿಗ್ಗೆ ನಡೆದದ್ದನ್ನು ನಿಮಗೆ ಹೇಳಲೇಬೇಕು. ನಾನು ಕರೆದ ಕಡೆ ಒಂದು ದಿನದ ಡ್ಯೂಟಿಗೆ ಹೋಗುವ ನರ್ಸ್. ಇವತ್ತು ಪೋರೂರಿನ ಒಂದು ವೃದ್ಧರ ಆರೈಕೆ ಕೇಂದ್ರಕ್ಕೆ ಮೊದಲ ಸಲ ಹೋದೆ. ‘ನಾಲ್ಕನೇ ಮಂಚ, ಸರೋಜಾ, ಇನ್ಸುಲಿನ್’ ಎಂದು ಚಾರ್ಟಿನಲ್ಲಿತ್ತು.

ಸಿರಿಂಜ್ ಹಿಡಿದು, “ಸರೋಜಾ ಅಮ್ಮಾನಾ?” ಎಂದೆ.

“ಆಮಾ,” ಎಂದು ತಮಿಳಿನಲ್ಲಿ ಹೌದು ಅಂದರು ಅಜ್ಜಿ.

ಯಾಕೋ ಅನುಮಾನವಾಗಿ, ಬಾಯಿಗೆ ಬಂದ ಒಂದು ಹೆಸರು ಹಿಡಿದು, “ಕಮಲಾ ಅಮ್ಮಾನಾ?” ಎಂದೆ.

ಅದಕ್ಕೂ “ಆಮಾ.”

ಸಿರಿಂಜ್ ಕೆಳಗಿಟ್ಟೆ. ಬೆರಳು ಚುಚ್ಚಿ ನೋಡಿದರೆ ಶುಗರ್ ಅರವತ್ತಕ್ಕೆ ಇಳಿದಿತ್ತು. ಇನ್ಸುಲಿನ್ ಕೊಟ್ಟಿದ್ದರೆ ಅಜ್ಜಿ ಉಳಿಯುತ್ತಿದ್ದರೋ ಇಲ್ಲವೋ. ಅವಸರದಲ್ಲಿ ಸಕ್ಕರೆ ನೀರು ಕುಡಿಸಿದೆ. ನಿಜವಾದ ಸರೋಜಾ ಪಕ್ಕದ ರೂಮಿನಲ್ಲಿದ್ದರು.

ಅಲ್ಲಿನ ಆಯಾ ಆರಾಮಾಗಿ ಹೇಳಿದಳು: “ನಿನ್ನೆ ಮಂಚ ಬದಲಾಯಿಸಿದರು, ಸಿಸ್ಟರ್. ನಿನ್ನೆಯ ನರ್ಸಿಗೆ ಎಲ್ಲಾ ಗೊತ್ತು.”

ಆ ನರ್ಸೂ ಒಂದು ದಿನಕ್ಕೆ ಬಂದವಳೇ. ಇವತ್ತು ತಾಂಬರಂನ ಇನ್ನೊಂದು ಕೇಂದ್ರದಲ್ಲಿ ನನ್ನ ಹಾಗೇ ಏನೂ ಗೊತ್ತಿಲ್ಲದೆ ನಿಂತಿರುತ್ತಾಳೆ.